ಮಾಹ್ಲರ್ ಎಂಟನೇ ಸಿಂಫನಿ: ಸರೌಂಡ್‌ನಲ್ಲಿ ಯಾವ ರೆಕಾರ್ಡಿಂಗ್ ಕೇಳಬೇಕು?

ಕೊನೆಸಾಲಿನ ಕೇಳುಗ

ಮಾಹ್ಲರ್ ಎಂಟನೇ ಸಿಂಫನಿಯ ಐದು ಎಸ್‌ಎಸಿಡಿಗಳು (ಸಿಡಿಯಂಥದ್ದೇ ಡಿಸ್ಕ್, ಆದರೆ ಎರಡಕ್ಕಿಂತ ಹೆಚ್ಚು ಸ್ಪೀಕರ್‌ಗೂ ಧ್ವನಿ ಹಿಡಿಸುವಂಥದ್ದು) ಈಗ ನನ್ನ ಹತ್ತಿರ ಸೇರಿವೆ. ಎಲ್ಲವನ್ನೂ ಸರೌಂಡ್‌ನಲ್ಲಿ, ಅಂದರೆ ಮುಂದೆಯೂ ಹಿಂದೆಯೂ ಸ್ಪೀಕರ್ ಇಟ್ಟು, ಒಂದೇ ಕೋಣೆಯಲ್ಲಿ, ಒಂದೇ ಸೆಟ್ಟಿಂಗ್ ಇಟ್ಟು ಕೇಳಿದ್ದೇನೆ. ಅನಿಸಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಜಗಳ ಆಡುವವರು ಧಾರಾಳವಾಗಿ ಆಡಬಹುದು.

ಈ ಕೃತಿ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಆಸ್ಟ್ರಿಯಾದ ಸಂಯೋಜಕ ಮಾಹ್ಲರ್ ಇದನ್ನು 1906ರ ಬೇಸಿಗೆಯಲ್ಲಿ ಬರೆದರು. ಮೊದಲ ಪ್ರದರ್ಶನ 1910ರ ಸೆಪ್ಟೆಂಬರ್ 12ಕ್ಕೆ ಮ್ಯೂನಿಕ್‌ನಲ್ಲಿ. ವಿಯೆನ್ನಾದಿಂದ 250 ಜನ, ಲೈಪ್‌ಜಿಗ್‌ನಿಂದ 250 ಜನ, ಮ್ಯೂನಿಕ್‌ನ ಮಕ್ಕಳು 350, ಅವರ ಜೊತೆ ಎಂಟು ಸೋಲೋ ಗಾಯಕರು. ಹಾಡುವವರೇ 858. ವಾದ್ಯದವರು 171. ಎಮಿಲ್ ಗುಟ್ಮನ್ ಎಂಬ ಸಂಘಟಕ ಇದಕ್ಕೆ 'ಸಾವಿರ ಜನರ ಸಿಂಫನಿ' ಅಂತ ಹೆಸರಿಟ್ಟು ಪ್ರಚಾರ ಮಾಡಿದ. ಮಾಹ್ಲರ್‌ಗೆ ಆ ಹೆಸರು ಹಿಡಿಸಲಿಲ್ಲ. ಆದರೂ ಅಂಟಿಕೊಂಡಿತು. (ಆ ಸಭಾಂಗಣ ಈಗ ಮ್ಯೂನಿಕ್‌ನ ಸಾರಿಗೆ ಮ್ಯೂಸಿಯಂನ ಭಾಗ. ಅಲ್ಲಿ ಈಗ ವಾಹನಗಳು ನಿಂತಿವೆ!)

ಎರಡೇ ಭಾಗ. ಮೊದಲನೆಯದು 'ವೆನಿ ಕ್ರಿಯಾಟೋರ್ ಸ್ಪಿರಿಟುಸ್' ಎಂಬ ಲ್ಯಾಟಿನ್ ಪ್ರಾರ್ಥನೆ. ಎರಡನೆಯದು ಗಯಟೆಯ 'ಫೌಸ್ಟ್' ನಾಟಕದ ಕಟ್ಟಕಡೆಯ ದೃಶ್ಯ. ಎಲ್ಲ ಸೇರಿ ಸುಮಾರು 80 ನಿಮಿಷ.

ಡಿಸ್ಕ್ ಬಂದ ಕೂಡಲೇ ಎಲ್ಲರೂ ಶುರುವಿನ ಆರ್ಗನ್ನಿನ (ಕೊಳವೆಗಳ ದೊಡ್ಡ ವಾದ್ಯ) ಗುಡುಗು ಹಾಕಿ ನೋಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಎರಡನೇ ಭಾಗದ ಆರಂಭ ಹಾಕುತ್ತೇನೆ. ಅಲ್ಲಿ ಎಷ್ಟೋ ಹೊತ್ತು ಬರೀ ವಾದ್ಯ. ತಂತಿವಾದ್ಯದವರು ಕಮಾನು ಬಿಟ್ಟು ಬೆರಳಲ್ಲಿ ಮೀಟುತ್ತಾರೆ. ಮೇಲೆ ಕೊಳಲು, ಕ್ಲಾರಿನೆಟ್. ಆಮೇಲೆ ಗಂಡುದನಿಯ ಕೋರಸ್ ತುಂಬ ಮೆಲ್ಲಗೆ, ತುಂಡು ತುಂಡಾಗಿ ಬರುತ್ತದೆ. ಗಯಟೆ ಇಲ್ಲಿ 'ಕೋರಸ್ ಮತ್ತು ಪ್ರತಿಧ್ವನಿ' ಅಂತಲೇ ಬರೆದಿದ್ದಾನೆ. ಒಂದು ಗುಂಪು ಕಾಡಿನ ಬಗ್ಗೆ ಅಂದದ್ದನ್ನು ಇನ್ನೊಂದು ಗುಂಪು ಹಿಡಿದುಕೊಂಡು ಅನ್ನುತ್ತದೆ. ಬೆಟ್ಟ, ಬಂಡೆ, ಕಣಿವೆ. ಈ ಜಾಗದಲ್ಲಿ ಸ್ಪೀಕರ್‌ಗಳು ಮರೆತುಹೋಗಿ ಕೋಣೆ ದೊಡ್ಡದಾಯಿತು ಅನಿಸಿದರೆ ಆ ರೆಕಾರ್ಡಿಂಗ್ ಪಾಸು.

ಇನ್ನು ಒಂದೊಂದೇ ಡಿಸ್ಕ್. ಮೊದಲ ಹೆಸರು ಆರ್ಕೆಸ್ಟ್ರಾ ನಡೆಸಿದವರದ್ದು, ಎರಡನೆಯದು ಆರ್ಕೆಸ್ಟ್ರಾದ್ದು. ಟಿಲ್ಸನ್ ಥಾಮಸ್, ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ. 2008ರ ನವೆಂಬರ್‌ನಲ್ಲಿ ಡೇವಿಸ್ ಹಾಲ್‌ನಲ್ಲಿ ಕಛೇರಿಯಲ್ಲೇ ಹಿಡಿದದ್ದು. 2010ರಲ್ಲಿ ಮೂರು ಗ್ರ್ಯಾಮಿ ಬಂತು, ಅದರಲ್ಲಿ ಒಂದು ಧ್ವನಿಮುದ್ರಣಕ್ಕೇ. ಗ್ರ್ಯಾಮಿ ಅಂದರೆ ನನಗೇನೂ ಭಕ್ತಿ ಇಲ್ಲ, ಆದರೆ ಇಲ್ಲಿ ಅವರು ಸರಿಯಾಗಿ ಕೊಟ್ಟಿದ್ದಾರೆ. ಮೊದಲ ಭಾಗದಲ್ಲಿ 'ಅಚೆಂದೆ ಲುಮೆನ್' ಅನ್ನುವಲ್ಲಿ ಮಕ್ಕಳೂ ಸೇರಿ ಎಲ್ಲರೂ ಒಟ್ಟಿಗೆ ಎದ್ದು ನಿಂತಂತೆ ಹಾಡುತ್ತಾರಲ್ಲ, ಅಲ್ಲಿ ಬೇರೆ ಡಿಸ್ಕ್‌ಗಳು ಗಟ್ಟಿಯಾಗುತ್ತವೆ ಅಷ್ಟೇ. ಇದು ಅಗಲವಾಗುತ್ತದೆ. ಗದ್ದಲದ ನಡುವೆಯೂ ಮಕ್ಕಳ ದನಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು.

ಗೆರ್ಗಿಯೆವ್, ಲಂಡನ್ ಸಿಂಫನಿ. ಅದೇ 2008, ಜುಲೈ, ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್. ಆ ಗುಮ್ಮಟದಡಿಯಲ್ಲಿ ಒಂದು ಸ್ವರ ಹುಟ್ಟಿದರೆ ಸಾಯಲು ಒಪ್ಪುವುದಿಲ್ಲ. ಮೊದಲ ಭಾಗದಲ್ಲಿ ಫ್ಯೂಗ್ ಬರುತ್ತದೆ, ಅಂದರೆ ಒಂದರ ಬೆನ್ನಿಗೆ ಒಂದು ದನಿ ಅದೇ ಎಳೆ ಹಿಡಿದು ಹೊರಡುವುದು. ಇಲ್ಲಿ ಹಿಂದಿನ ಎಳೆಯ ಪ್ರತಿಧ್ವನಿ ಮುಗಿಯುವ ಮುಂಚೆ ಮುಂದಿನದು ಬಂದು ಎಲ್ಲ ಕಲಸಿಹೋಗಿದೆ. ಸರೌಂಡ್‌ನಲ್ಲಿ ಸ್ಟೀರಿಯೊಗಿಂತ ವಾಸಿ. ಪ್ರತಿಧ್ವನಿ ಹಿಂದಿನಿಂದ ಬರುವುದರಿಂದ ಮುಂದಿನ ದನಿಗೆ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಆದರೂ ಇದು ಪೂರ್ತಿ ಕೂತು ಕೇಳುವ ಡಿಸ್ಕ್ ಅಲ್ಲ.

ನಗಾನೊ, ಬರ್ಲಿನ್ ಡಾಯ್ಚಸ್ ಸಿಂಫನಿ. 2005ರಲ್ಲಿ ಬಂದದ್ದು. ಬರ್ಲಿನ್ ಮತ್ತು ಲೈಪ್‌ಜಿಗ್ ರೇಡಿಯೊಗಳ ಕೋರಸ್. ಅವರಿಗೆ ಹಾಡುವುದೇ ಉದ್ಯೋಗ, ಅದು ಒಂದೊಂದು ಅಕ್ಷರದಲ್ಲೂ ಗೊತ್ತಾಗುತ್ತದೆ. ಎರಡನೇ ಭಾಗದಲ್ಲಿ ನಗಾನೊ ತೀರಾ ನಿಧಾನ. ಕೆಲವು ಕಡೆ 'ಹೂಂ, ಮುಂದೆ ಹೋಗಿ ಸಾರ್' ಅನ್ನಬೇಕು ಅನಿಸುತ್ತದೆ.

ತಿಯರಿ ಫಿಶರ್, ಯೂಟಾ ಸಿಂಫನಿ. 2016ರ ಫೆಬ್ರವರಿ, ಸಾಲ್ಟ್ ಲೇಕ್ ಸಿಟಿಯ ಟ್ಯಾಬರ್ನಕಲ್ ಎಂಬ ಪ್ರಾರ್ಥನಾಮಂದಿರ. ಅಲ್ಲಿಯ ಮಾರ್ಮನ್ ಕೋರಸ್ ಒಂದೇ ಮುನ್ನೂರು ಚಿಲ್ಲರೆ ಜನ. ಆರ್ಗನ್‌ಗೆ 11,623 ಕೊಳವೆ. ಆರ್ಗನ್ ಬೇಕು ಅನ್ನುವವರು ಕಣ್ಣು ಮುಚ್ಚಿ ತಗೊಳ್ಳಿ.

ವ್ಯಾನ್ಸ್ಕಾ, ಮಿನೆಸೋಟ. 2022ರ ಜೂನ್. ಆ ಆರ್ಕೆಸ್ಟ್ರಾದ ಸಂಗೀತ ನಿರ್ದೇಶಕರಾಗಿ ಅವರ ಕೊನೆಯ ಕಛೇರಿಗಳು ಇವೇ. ನಾನು ಹೇಳಿದ ಆ ಕಾಡಿನ ಜಾಗಕ್ಕೆ ಇದನ್ನು ಮೀರಿದ್ದು ಇಲ್ಲ. ಮೆಲ್ಲಗೆ ಅಂದರೆ ನಿಜವಾಗಿಯೂ ಮೆಲ್ಲಗೆ. ಫ್ಯಾನ್ ಆಫ್ ಮಾಡದೆ ಕೇಳಿದರೆ ಆ ಬೆರಳ ಮೀಟು (ಪಿಜಿಕ್ಯಾಟೊ) ಅರ್ಧ ಮಾಯ. ಮೊದಲ ಭಾಗದಲ್ಲಿ ಮಾತ್ರ ಇನ್ನಷ್ಟು ಕಿಚ್ಚು ಇರಬೇಕಿತ್ತು.

ನನ್ನ ವಾದ ಇಷ್ಟು. ಈ ಕೃತಿಗೆ ಸರೌಂಡ್ ಬೇಕಿರುವುದು ಸದ್ದು ಜಾಸ್ತಿ ಮಾಡಲಿಕ್ಕಲ್ಲ. ಯಾರು ಎಲ್ಲಿ ನಿಂತಿದ್ದಾರೆ ಅಂತ ತಿಳಿಯಲಿಕ್ಕೆ. ಒಂದೇ ಕೊಳ್ಳುವುದಾದರೆ ಟಿಲ್ಸನ್ ಥಾಮಸ್.

---

ತಂಬೂರಿ ರಾಯರು

ಓದಿದೆ. ಚೆನ್ನಾಗಿ ಬರೆದಿದ್ದೀರಿ. ಒಪ್ಪುವುದಿಲ್ಲ.

ಕಛೇರಿಗೆ ಹೋದರೆ ನಾವು ವೇದಿಕೆಯ ಕಡೆ ಮುಖ ಮಾಡಿ ಕೂರುತ್ತೇವೆ. ಹಿಂದುಗಡೆ ಇರುವುದು ಗೋಡೆ ಮತ್ತು ಕೆಮ್ಮುವವರು. ಅದಕ್ಕೆ ಇನ್ನೆರಡು ಸ್ಪೀಕರ್ ಕೊಂಡು ತರಬೇಕೆ? ಸೋಲ್ಟಿ 1971ರಲ್ಲಿ ಶಿಕಾಗೊ ಸಿಂಫನಿಯನ್ನು ವಿಯೆನ್ನಾಗೆ ಕರೆದುಕೊಂಡು ಹೋಗಿ ಸೋಫಿಯನ್‌ಸಾಲ್‌ನಲ್ಲಿ ಮಾಡಿದ ರೆಕಾರ್ಡಿಂಗ್ ಎರಡೇ ಚಾನೆಲ್. ಇವತ್ತಿಗೂ ಅದರ ಮುಂದೆ ಈ ಐದೂ ಮಂಡಿಯೂರಬೇಕು. ಹಾರೆನ್‌ಸ್ಟೈನ್ 1959ರಲ್ಲಿ ಆಲ್ಬರ್ಟ್ ಹಾಲ್‌ನಲ್ಲಿ ನಡೆಸಿದ್ದು ಬಿಬಿಸಿಯವರು ಸ್ಟೀರಿಯೊ ಕಲಿಯುತ್ತಿದ್ದ ಕಾಲದ್ದು. ಅದರಲ್ಲೂ ಮೈ ಜುಮ್ಮೆನ್ನುತ್ತದೆ. ಹಾಡುವವರಲ್ಲಿ ಜೀವ ಇದ್ದರೆ ಎರಡು ಸ್ಪೀಕರ್ ಸಾಕು.

---

ಕೊನೆಸಾಲಿನ ಕೇಳುಗ

ರಾಯರೇ, ಸೋಲ್ಟಿ ವಿಷಯದಲ್ಲಿ ನಿಮ್ಮ ಜೊತೆ ಜಗಳ ಇಲ್ಲ. ನನಗೆ ಈ ಹುಚ್ಚು ಹತ್ತಿದ್ದೇ ಆ ರೆಕಾರ್ಡಿಂಗ್‌ನಿಂದ.

ಆದರೆ 'ಹಿಂದುಗಡೆ ಗೋಡೆ' ಅನ್ನೋದು ಈ ಸಿಂಫನಿಗೆ ಹೊಂದುವ ಮಾತಲ್ಲ. ಸ್ಕೋರ್ (ಬರೆದಿಟ್ಟ ಸ್ವರಲಿಪಿ) ತೆಗೆದು ನೋಡಿ. ನಾಲ್ಕು ಟ್ರಂಪೆಟ್, ಮೂರು ಟ್ರೊಂಬೋನ್ ಆರ್ಕೆಸ್ಟ್ರಾ ಬಿಟ್ಟು ಬೇರೆ ಕಡೆ ನಿಲ್ಲಬೇಕು ಅಂತ ಮಾಹ್ಲರ್ ಬರೆದಿದ್ದಾರೆ. ಎರಡು ಪೂರ್ತಿ ಕೋರಸ್ ಇವೆ, ಅವು ಒಂದಕ್ಕೊಂದು ಉತ್ತರ ಕೊಡಬೇಕು. ಮಕ್ಕಳ ಕೋರಸ್ ಇನ್ನೊಂದು. ಎರಡನೇ ಭಾಗದ 'ಮಾತೆರ್ ಗ್ಲೋರಿಯೋಸಾ' (ಮಾತೆ ಮರಿಯಾ) ಪಾತ್ರದವರಿಗೆ ಹಾಡಲು ಇರುವುದು ಎರಡೇ ಸಾಲು. ಆ ಎರಡು ಸಾಲಿಗೆ ಅವರನ್ನು ಬಹುತೇಕ ಎಲ್ಲ ಕಡೆ ಮೇಲಿನ ಬಾಲ್ಕನಿಗೆ ಹತ್ತಿಸುತ್ತಾರೆ. ಜಾಗ ಅನ್ನೋದನ್ನೇ ಬರೆದಿಟ್ಟ ಕೃತಿ ಇದು. ಇದನ್ನು ಎರಡು ಸ್ಪೀಕರ್ ನಡುವೆ ತುರುಕಿದರೆ ಚೆನ್ನಾಗಿಯೇ ಕೇಳಿಸಬಹುದು, ಆದರೆ ಬರೆದದ್ದರಲ್ಲಿ ಒಂದು ಪಾಲು ಬಿಟ್ಟೇಹೋಗುತ್ತದೆ.

ಒಂದು ಪರೀಕ್ಷೆ ಮಾಡಿ. ಯಾರ ಮನೆಯಲ್ಲಾದರೂ ಟಿಲ್ಸನ್ ಥಾಮಸ್ ಹಾಕಿಸಿ, ಮೊದಲ ಭಾಗದ ಕೊನೆಯ 'ಗ್ಲೋರಿಯಾ' ನಡೆಯುವಾಗ ಹಿಂದಿನ ಎರಡು ಸ್ಪೀಕರ್ ಬಂದ್ ಮಾಡಿಸಿ. ಸದ್ದು ಕಡಿಮೆಯಾಯಿತು ಅನಿಸುವುದಿಲ್ಲ. ಸೂರು ಕೆಳಗೆ ಬಂತು ಅನಿಸುತ್ತದೆ.

---

ಕುಡ್ಲದ ಆಲ್ಟೊ

ಸೇಂಟ್ ಪಾಲ್ಸ್ ಬಗ್ಗೆ ಸ್ವಲ್ಪ ನಾನೂ ಹೇಳ್ತೇನೆ ಮಾರಾಯ್ರೇ.

ನಾನು ಮಂಗಳೂರಿನ ಒಂದು ಇಗರ್ಜಿಯ ಕೊಯರ್‌ನಲ್ಲಿ ಸುಮಾರು ವರ್ಷದಿಂದ ಹಾಡುತ್ತಿದ್ದೇನೆ. 'ವೆನಿ ಕ್ರಿಯಾಟೋರ್' ನಮಗೆ ಹೊಸತಲ್ಲ. ಒಂಬತ್ತನೇ ಶತಮಾನದ ಪ್ರಾರ್ಥನೆ, ಹ್ರಬಾನುಸ್ ಮೌರುಸ್ ಬರೆದದ್ದು ಅಂತ ಹೇಳುತ್ತಾರೆ. ಪೆಂತೆಕೋಸ್ತ್ ಹಬ್ಬಕ್ಕೆ, ಗುರುದೀಕ್ಷೆಗೆ ಹಾಡುವಂಥದ್ದು. ಅದರ ಮೂಲ ರಾಗ ಗ್ರೆಗೋರಿಯನ್. ಮೆಲ್ಲಗೆ, ಒಂದೇ ಎಳೆಯಲ್ಲಿ ಹೋಗುತ್ತದೆ. ಮಾಹ್ಲರ್ ಆ ರಾಗ ಬಿಟ್ಟು ಮಾತು ಮಾತ್ರ ತಗೊಂಡಿದ್ದಾರೆ. ಮೊದಲ ಸಲ ಕೇಳಿದಾಗ ಪ್ರಾರ್ಥನೆ ಮಾಡ್ತಿದ್ದಾರಾ, ದೇವರ ಬಾಗಿಲು ಬಡೀತಿದ್ದಾರಾ ಅಂತ ಸಂಶಯ ಬಂದಿತ್ತು.

ಗೆರ್ಗಿಯೆವ್ ಡಿಸ್ಕ್‌ನಲ್ಲಿ ಮಾತು ಕರಗುತ್ತದೆ ಎನ್ನುವುದು ಸತ್ಯ. ಆದರೆ ದೊಡ್ಡ ಇಗರ್ಜಿಯ ಒಳಗೆ ಕೊಯರ್ ಮಧ್ಯೆ ನಿಂತವರಿಗೆ ಕೇಳಿಸುವುದು ಹಾಗೆಯೇ. ಪಕ್ಕದವಳ ದನಿ ಕಿವಿಯಲ್ಲೇ ಇರುತ್ತದೆ, ಆಚೆ ಬದಿಯ ಗಂಡಸರ ಬಾಸ್ ದನಿ ಎಲ್ಲಿಂದಲೋ ಬಂದ ಹಾಗೆ. ನನ್ನ ತಮ್ಮನ ಮನೆಯಲ್ಲಿ ಸರೌಂಡ್‌ನಲ್ಲಿ ಹಾಕಿದಾಗ ಅದೇ ಅನುಭವ. ರೆಕಾರ್ಡಿಂಗ್ ಅಂತ ನೋಡಿದರೆ ಸೋತಿದೆ. ಜಾಗ ಅಂತ ನೋಡಿದರೆ ಗೆದ್ದಿದೆ.

ಹಾಡುವವಳಾಗಿ ಕೇಳಿದರೆ ನನ್ನ ವೋಟು ನಗಾನೊಗೆ. ಲ್ಯಾಟಿನ್ ಹಾಡುವಾಗ ಸ್ವರ ಎಳೆಯುವುದು ಸುಲಭ, ವ್ಯಂಜನ ಒಟ್ಟಿಗೆ ಹಾಕುವುದೇ ಕಷ್ಟ. 'ಸ್ಪಿರಿಟುಸ್' ಅನ್ನುವಾಗ ಕೊನೆಯ 'ಸ್' ನೂರು ಜನರ ಬಾಯಿಯಿಂದ ನೂರು ಸಲ ಬಂದರೆ ಹಾವು ಬುಸುಗುಟ್ಟಿದ ಹಾಗೆ ಆಗುತ್ತದೆ. ನಮ್ಮ ಮಾಸ್ಟ್ರು ಅದಕ್ಕೇ ಬೈಯುವುದು. ನಗಾನೊ ಡಿಸ್ಕ್‌ನಲ್ಲಿ ಆ 'ಸ್' ಒಂದೇ ಸಲ, ಕತ್ತರಿಸಿದ ಹಾಗೆ ಬರುತ್ತದೆ. ವಿಂಡ್ಸ್‌ಬಾಕ್‌ನ ಹುಡುಗರ ಕೊಯರ್ ಕೂಡ ಹಾಗೆಯೇ. ನಿಧಾನ ಅಂತ ದೂರುವವರು ಒಂದು ಸಲ ಆ ಸಾಲುಗಳನ್ನು ಹಾಡಿ ನೋಡಲಿ, ಉಸಿರು ಎಲ್ಲಿ ತಗೊಳ್ಳುವುದು ಅಂತ ಗೊತ್ತಾಗುತ್ತದೆ.

---

ಹೊಸ_ಕಿವಿ

ಎಲ್ಲರಿಗೂ ನಮಸ್ಕಾರ. ದಡ್ಡ ಪ್ರಶ್ನೆ ಅನಿಸಿದರೆ ಬೈಯಬೇಡಿ. ಟಿಲ್ಸನ್ ಥಾಮಸ್ ಡಿಸ್ಕ್ ತರಿಸಿದೆ. ಮನೆಯಲ್ಲಿ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಇದೆ. ಸಿನಿಮಾ ಹಾಕಿದರೆ ಹಿಂದಿನ ಸ್ಪೀಕರ್ ಕೆಲಸ ಮಾಡುತ್ತವೆ. ಈ ಡಿಸ್ಕ್ ಹಾಕಿದರೆ ಬರೀ ಮುಂದಿನ ಎರಡರಿಂದ ಬರುತ್ತದೆ. ಡಿಸ್ಕ್ ಹಾಳಾಗಿದೆಯಾ?

---

ಸೌಂಡ್ ಶಿವು

ಡಿಸ್ಕ್ ಸರಿಯಾಗಿದೆ ಗುರು. ನಿಮ್ಮ ಪ್ಲೇಯರ್ ಅದರ ಸಿಡಿ ಪದರ ಮಾತ್ರ ಓದುತ್ತಿದೆ.

ಇವೆಲ್ಲ ಹೈಬ್ರಿಡ್ ಡಿಸ್ಕ್. ಒಂದು ಪದರದಲ್ಲಿ ಮಾಮೂಲಿ ಸಿಡಿ, ಯಾವ ಪ್ಲೇಯರ್‌ನಲ್ಲೂ ಓಡುತ್ತದೆ. ಇನ್ನೊಂದು ಪದರದಲ್ಲಿ ಎಸ್‌ಎಸಿಡಿ, ಸ್ಟೀರಿಯೊ ಒಂದು, ಮಲ್ಟಿಚಾನೆಲ್ ಒಂದು. ಆ ಪದರ ಓದಲು ಎಸ್‌ಎಸಿಡಿ ಪ್ಲೇಯರೇ ಬೇಕು. ಕಂಪ್ಯೂಟರಿನ ಡ್ರೈವ್ ಓದುವುದಿಲ್ಲ. ಒಪ್ಪೊದವರು 2018ರಲ್ಲಿ ಪ್ಲೇಯರ್ ಮಾಡುವುದನ್ನು ನಿಲ್ಲಿಸಿದ ಮೇಲೆ ಆಯ್ಕೆ ಕಡಿಮೆಯಾಗಿದೆ. ಸೋನಿಯ ಕೆಲವು 4ಕೆ ಬ್ಲೂರೇ ಪ್ಲೇಯರ್‌ಗಳು ಓದುತ್ತವೆ. ಮೊದಮೊದಲು ಬಂದ ಪ್ಲೇಸ್ಟೇಷನ್ 3 ಕೂಡ ಓದುತ್ತದೆ. ಯಾರದ್ದಾದರೂ ಅಟ್ಟದ ಮೇಲೆ ಇದ್ದರೆ ಇಳಿಸಿ.

ಪ್ಲೇಯರ್ ಸಿಕ್ಕಿದ ಮೇಲೂ ಮೂರು ಕಡೆ ಎಡವುತ್ತಾರೆ. ಆಪ್ಟಿಕಲ್ ಕೇಬಲ್‌ನಲ್ಲಿ ಎಸ್‌ಎಸಿಡಿ ಬರುವುದಿಲ್ಲ, ಎಚ್‌ಡಿಎಂಐ ಹಾಕಿ. ಪ್ಲೇಯರ್ ಮೆನುವಿನಲ್ಲಿ ಮಲ್ಟಿಚಾನೆಲ್ ಅಂತ ನೀವೇ ಆರಿಸಬೇಕು, ಎಷ್ಟೋ ಮೆಷಿನ್‌ಗಳು ತಾವಾಗಿಯೇ ಸ್ಟೀರಿಯೊಗೆ ಹೋಗುತ್ತವೆ. ಆಮೇಲೆ ರಿಸೀವರ್, ಅಂದರೆ ಸ್ಪೀಕರ್‌ಗಳಿಗೆಲ್ಲ ಧ್ವನಿ ಕಳಿಸುವ ಪೆಟ್ಟಿಗೆ. ಡಿಎಸ್‌ಡಿಯನ್ನು (ಎಸ್‌ಎಸಿಡಿಯಲ್ಲಿ ಧ್ವನಿ ಇರುವ ರೂಪ) ಹಾಗೇ ಕೊಟ್ಟರೆ ಎಷ್ಟೋ ರಿಸೀವರ್‌ಗಳು ಬಾಸ್ (ತೀರಾ ಕೆಳಗಿನ ಸ್ವರ) ಸಬ್‌ವೂಫರ್‌ಗೆ ಹಂಚುವುದಿಲ್ಲ, ಕೋಣೆಯ ತಿದ್ದುಪಡಿಯನ್ನೂ ಮಾಡುವುದಿಲ್ಲ. ಪ್ಲೇಯರ್‌ನಿಂದ ಪಿಸಿಎಂ (ಮಾಮೂಲಿ ಸಿಡಿಯಲ್ಲಿರುವ ರೂಪ) ಮಾಡಿಸಿ ಕಳಿಸಿ. ಶುದ್ಧತೆ ಹೋಯಿತು ಅಂತ ಕೆಲವರು ಕೂಗುತ್ತಾರೆ. ನಮ್ಮ ನಿಮ್ಮ ಹಾಲ್‌ಗಳಲ್ಲಿ ಬಾಸ್ ಸರಿ ಇಲ್ಲದಿರುವುದೇ ದೊಡ್ಡ ತೊಂದರೆ.

ಬಾಸ್ ಅಂದೆ ಅಲ್ವಾ, ಅದನ್ನೂ ಹೇಳಿಬಿಡುತ್ತೇನೆ. ಈ ಸಿಂಫನಿ ಆರ್ಗನ್ನಿನ ಇ ಫ್ಲಾಟ್ ಸ್ವರದಿಂದ ಶುರು. 16 ಅಡಿ ಕೊಳವೆಯ ಕೆಳಗಿನ ಇ ಫ್ಲಾಟ್ ಸುಮಾರು 39 ಹರ್ಟ್ಸ್. ಶೆಲ್ಫ್ ಮೇಲೆ ಇಡುವ ಸ್ಪೀಕರ್ ಅಲ್ಲಿಗೆ ಇಳಿಯುವುದಿಲ್ಲ. ಸಬ್‌ವೂಫರ್ ಬೇಕೇ ಬೇಕು. ಆದರೆ '5.0 ಡಿಸ್ಕ್ ಬೇಡ, 5.1 ಇರೋದು ಕೊಡಿ' ಅಂತ ಹುಡುಕಬೇಡಿ. ಆ '.1' ಎನ್ನುವುದು ಡಿಸ್ಕ್‌ನಲ್ಲಿರುವ ಬೇರೆಯೇ ಚಾನೆಲ್, ಸಿನಿಮಾದ ಸ್ಫೋಟಗಳಿಗೆ ಬೇಕಾದದ್ದು. ನಿಮ್ಮ ಸಬ್‌ವೂಫರ್‌ಗೆ ಆರ್ಗನ್ ಬರುವುದು ರಿಸೀವರ್ ಬೇರೆ ಚಾನೆಲ್‌ಗಳ ಬಾಸ್ ಕತ್ತರಿಸಿ ಕಳಿಸುವುದರಿಂದ. ರಿಸೀವರ್‌ನಲ್ಲಿ ಸ್ಪೀಕರ್‌ಗಳನ್ನು 'ಸ್ಮಾಲ್' ಅಂತ ಇಟ್ಟು, 80 ಹರ್ಟ್ಸ್‌ನಲ್ಲಿ ಕತ್ತರಿಸಿ. ಸಾಕು.

ಕೊನೆಗೆ ಸ್ಪೀಕರ್ ಜಾಗ. ಸಂಗೀತದ ಡಿಸ್ಕ್‌ಗಳಿಗೆ ಹಿಂದಿನ ಸ್ಪೀಕರ್ ಬೆನ್ನ ಹಿಂದೆ ಇರಬಾರದು. ಮುಂದಿನವು ಮಧ್ಯದಿಂದ 30 ಡಿಗ್ರಿ, ಹಿಂದಿನವು 110 ಡಿಗ್ರಿ ಹತ್ತಿರ. ಅಂದರೆ ಹೆಚ್ಚುಕಡಿಮೆ ಪಕ್ಕ, ಭುಜಕ್ಕಿಂತ ಸ್ವಲ್ಪ ಹಿಂದೆ. ಸೋಫಾ ಗೋಡೆಗೆ ಅಂಟಿಸಿಟ್ಟು 'ಸರೌಂಡ್‌ನಲ್ಲಿ ಏನೂ ಇಲ್ಲ' ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡು ಅಡಿ ಮುಂದೆ ಎಳೆಯಿರಿ.

---

ಹೊಸ_ಕಿವಿ

ತುಂಬಾ ಥ್ಯಾಂಕ್ಸ್ ಸಾರ್. ಚಿಕ್ಕಪ್ಪನ ಮಗನ ಹತ್ತಿರ ಹಳೇ ಪ್ಲೇಸ್ಟೇಷನ್ ಇದೆ. ಇವತ್ತೇ ಕೇಳ್ತೀನಿ. ಸೋಫಾ ಎಳೆಯೋದಕ್ಕೆ ಮನೆಯವರ ಅನುಮತಿ ಬೇಕು 😀

---

ಫ್ರೀಮಾಂಟ್ ಕನ್ನಡಿಗ

ಶಿವು ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 5.1ರಲ್ಲಿ ಎತ್ತರ ಇಲ್ಲ. ಐದೂ ಸ್ಪೀಕರ್ ಕಿವಿಯ ಮಟ್ಟದಲ್ಲೇ ಇರುತ್ತವೆ. ಮಾತೆರ್ ಗ್ಲೋರಿಯೋಸಾ ಬಾಲ್ಕನಿಯಿಂದ ಹಾಡಿದರೂ ಮನೆಯಲ್ಲಿ ಅವರು ಮೇಲಿದ್ದಾರೆ ಅಂತ ತಿಳಿಯುವುದು ದನಿಯ ಸುತ್ತ ಕೇಳಿಸುವ ಸಭಾಂಗಣದ ಪ್ರತಿಧ್ವನಿಯಿಂದ. ಹತ್ತಿರದ ಮೈಕ್ ಹಿಡಿದು ದನಿಯನ್ನು ಮುಂದೆ ತಂದುಬಿಟ್ಟರೆ ಎಲ್ಲ ಹೋಯಿತು. ಆ ಘಟ್ಟ ಬರುವ ಮೊದಲು ಹಾರ್ಮೋನಿಯಂ ಮತ್ತು ಹಾರ್ಪ್ ಮೇಲೆ ಪಿಟೀಲುಗಳು ಒಂದು ರಾಗ ಎಳೆಯುತ್ತವೆ ನೋಡಿ, ಅಲ್ಲಿಂದ ಕೇಳಿ. ಯಾವ ಇಂಜಿನಿಯರಿಗೆ ಅವಸರ, ಯಾರಿಗೆ ಅಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಈ ಪಟ್ಟಿಯಲ್ಲಿ ಯಾನ್ಸನ್ಸ್ ಯಾಕಿಲ್ಲ? ಆಮ್‌ಸ್ಟರ್‌ಡ್ಯಾಮ್‌ನ ಕನ್ಸರ್ಟ್‌ಗೆಬೌ, 2011ರ ಮಾರ್ಚ್. ಎಸ್‌ಎಸಿಡಿ ಜೊತೆ ವಿಡಿಯೊ ಕೂಡ ಕೊಟ್ಟಿದ್ದಾರೆ. ಅದೇ ವರ್ಷ ಮೇ ತಿಂಗಳಲ್ಲಿ ಶಾಯಿ ಲೈಪ್‌ಜಿಗ್‌ನಲ್ಲಿ ನಡೆಸಿದ್ದೂ ಬ್ಲೂರೇಯಲ್ಲಿ ಇದೆ. ಮಾಹ್ಲರ್ ತೀರಿಕೊಂಡು ನೂರು ವರ್ಷ ಆದಾಗಿನ ಉತ್ಸವದ್ದು. ಹೊಸಬರಿಗೆ ನಾನು ವಿಡಿಯೊನೇ ಹೇಳುತ್ತೇನೆ. ಎಂಟು ಗಾಯಕರಲ್ಲಿ ಯಾರು ಎದ್ದು ನಿಂತರು ಅಂತ ಕಾಣಿಸಿದರೆ ಎರಡನೇ ಭಾಗದ ಅರ್ಧ ಗೊಂದಲ ಕಳೆಯುತ್ತದೆ. ಅನುವಾದ ಕೆಳಗೆ ಓಡುತ್ತಿರುತ್ತದೆ. ಡಿಸ್ಕ್ ಜೊತೆ ಬರುವ ಪುಸ್ತಿಕೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರ, ಓದಲಿಕ್ಕಾಗುವುದಿಲ್ಲ.

---

ಕೊನೆಸಾಲಿನ ಕೇಳುಗ

ಯಾನ್ಸನ್ಸ್ ನನ್ನ ಹತ್ತಿರ ಇಲ್ಲ, ಅದಕ್ಕೇ ಬರೆಯಲಿಲ್ಲ. ಜಿನ್‌ಮನ್, ನಾಟ್, ಸ್ಟೆಂಜ್ ಇವರದ್ದೂ ಎಸ್‌ಎಸಿಡಿ ಇವೆ. ಯಾರಾದರೂ ಕೇಳಿದ್ದರೆ ಬರೆಯಿರಿ.

---

ವೀಣೆ ಮೇಷ್ಟ್ರು

ಸರೌಂಡ್ ಗಿರೌಂಡ್ ನನಗೆ ತಿಳಿಯದು. ಶಿಷ್ಯನ ಮನೆಯಲ್ಲಿ ವ್ಯಾನ್ಸ್ಕಾ ಕೇಳಿಸಿದರು. ಒಂದು ಸಂಗತಿ ಕಿವಿಗೆ ಬಿತ್ತು.

ಇ ಫ್ಲಾಟನ್ನು ಸ ಅಂತ ಇಟ್ಟುಕೊಳ್ಳಿ. ಶುರುವಿನ 'ವೆನಿ, ವೆನಿ' ಸ, ಮಂದ್ರದ ಪ, ಅಲ್ಲಿಂದ ಒಂದೇ ನೆಗೆತಕ್ಕೆ ಮಧ್ಯ ಸ್ಥಾಯಿಯ ಮ. ಮಂದ್ರ ಪಂಚಮದಿಂದ ಮಧ್ಯಮಕ್ಕೆ ಹಾಗೆ ಹಾರುವುದು ನಮ್ಮಲ್ಲೂ ಇದೆ, ಆದರೆ ನಾವು ಜಾರಿಕೊಂಡು ಹೋಗುತ್ತೇವೆ. ಇವರು ಮೆಟ್ಟಿಲು ಬಿಟ್ಟು ಹಾರುತ್ತಾರೆ. ಕಟ್ಟಕಡೆಗೆ ಎಲ್ಲ ಹಾಡಿ ಮುಗಿದ ಮೇಲೆ, ನೀವು ಹೇಳುವ ಆ ದೂರದ ತುತ್ತೂರಿಗಳು ಅದನ್ನೇ ಮತ್ತೆ ಊದುತ್ತವೆ. ಸ, ಮಂದ್ರ ಪ, ಆಮೇಲೆ ಮ ಅಲ್ಲ, ದ! ನೆಗೆತ ಇನ್ನೂ ದೊಡ್ಡದಾಗಿದೆ. ಒಂದೂಕಾಲು ಗಂಟೆ ಕಾದು ಆ ಒಂದು ಸ್ವರ ಮೇಲೆ ಸರಿಸಿದ್ದಾರೆ. ಶಿಷ್ಯನಿಗೆ ಹೇಳಿ ಆ ಕೊನೆಯನ್ನು ಮತ್ತೆ ಹಾಕಿಸಿದೆ. ತುತ್ತೂರಿ ಬೇರೆ ದಿಕ್ಕಿನಿಂದ ಬಂದಿದ್ದರಿಂದಲೇ ನನಗೆ ಅದು ಬಿಡಿಯಾಗಿ ಕೇಳಿಸಿದ್ದು. ಇಲ್ಲದಿದ್ದರೆ ಆ ಗದ್ದಲದಲ್ಲಿ ಯಾರಿಗೆ ಗೊತ್ತಾಗುತ್ತಿತ್ತು?

---

ಕುಡ್ಲದ ಆಲ್ಟೊ

ಮೇಷ್ಟ್ರೇ, ಇದು ಭಾರಿ ಲಾಯ್ಕ್ ಆಯಿತು. ನಾವು ಪಾಶ್ಚಾತ್ಯದವರು ಏಳನೇ ಸ್ವರದ ಅಂತರ ಒಂಬತ್ತಕ್ಕೆ ಹೋಯಿತು ಅಂತ ಪುಸ್ತಕದಲ್ಲಿ ಓದಿ ತಲೆ ಅಲ್ಲಾಡಿಸುತ್ತೇವೆ. ನೀವು ಕೇಳಿಯೇ ಹಿಡಿದಿರಿ.

---

ತಂಬೂರಿ ರಾಯರು

ಮೇಷ್ಟ್ರು ಹೇಳಿದ ಮೇಲೆ ಸೋಲ್ಟಿ ಹಾಕಿ ಕೊನೆ ಕೇಳಿದೆ. ದ ಸ್ಪಷ್ಟವಾಗಿ ಕೇಳಿಸಿತು, ಎರಡೇ ಸ್ಪೀಕರ್‌ನಲ್ಲಿ.

---

ಕೊನೆಸಾಲಿನ ಕೇಳುಗ

ರಾಯರೇ, ಏನನ್ನು ಕೇಳಬೇಕು ಅಂತ ಮೇಷ್ಟ್ರು ಹೇಳಿಕೊಟ್ಟ ಮೇಲೆ ಕೇಳಿಸಿತು! ಭಾನುವಾರ ನಮ್ಮ ಮನೆಗೆ ಬನ್ನಿ. ಸೋಲ್ಟಿ ನೀವೇ ತನ್ನಿ, ಮೊದಲು ಅದನ್ನೇ ಹಾಕೋಣ.

---

ಸೌಂಡ್ ಶಿವು

ಇಬ್ಬರ ಮಧ್ಯೆ ಬರುವುದಿಲ್ಲ. ಫಿಶರ್ ಬಗ್ಗೆ ಮಾತ್ರ ಒಂದು ತಕರಾರು. 'ಆರ್ಗನ್ ಬೇಕಾದವರು ತಗೊಳ್ಳಿ' ಅಂತ ಒಂದೇ ಸಾಲಲ್ಲಿ ಮುಗಿಸಿದ್ದು ಅನ್ಯಾಯ. ಆ ಟ್ಯಾಬರ್ನಕಲ್‌ನಲ್ಲೇ ಇದೇ ಯೂಟಾ ಸಿಂಫನಿ 1963ರಲ್ಲಿ ಅಬ್ರವನೆಲ್ ಕೈಕೆಳಗೆ ಈ ಕೃತಿಯನ್ನು ರೆಕಾರ್ಡ್ ಮಾಡಿತ್ತು. ಅದೇ ಕಟ್ಟಡ, ಅದೇ ಆರ್ಕೆಸ್ಟ್ರಾ, ಐವತ್ತು ವರ್ಷಕ್ಕೂ ಮೇಲೆ ಅಂತರ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಮೈಕ್ ಇಡುವವರು ಇಷ್ಟು ವರ್ಷದಲ್ಲಿ ಏನು ಕಲಿತರು ಅಂತ ತಿಳಿಯುತ್ತದೆ. ಹಳೆಯದರಲ್ಲಿ ಕೋರಸ್ ಒಂದು ಗೋಡೆ. ಹೊಸದರಲ್ಲಿ ಆ ಗೋಡೆಗೆ ಆಳ ಬಂದಿದೆ, ಸಾಲು ಸಾಲಾಗಿ ಜನ ನಿಂತಿದ್ದಾರೆ ಅನಿಸುತ್ತದೆ. ಗಾಯಕರ ವಿಷಯದಲ್ಲಿ ಮಾತ್ರ ಟಿಲ್ಸನ್ ಥಾಮಸ್ ತಂಡ ಮೇಲು. ಎರಿನ್ ವಾಲ್ ಅವರ ಮೇಲಿನ ಸ್ವರಗಳು ಅಷ್ಟು ದೊಡ್ಡ ಸದ್ದಿನ ಮೇಲೆ ಸಲೀಸಾಗಿ ತೇಲುತ್ತವೆ.

ಕೊನೆಯ 'ಕೋರಸ್ ಮಿಸ್ಟಿಕಸ್' ಬಗ್ಗೆ ಹೊಸಬರಿಗೆ ಒಂದು ಎಚ್ಚರಿಕೆ. ಅದು ಉಸಿರಿನಷ್ಟು ಮೆಲ್ಲಗೆ ಶುರುವಾಗುತ್ತದೆ. ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸಬೇಡಿ. ಆಮೇಲೆ ಏನು ಬರುತ್ತದೆ ಅಂತ ನಿಮ್ಮ ಮೇಲಿನ ಮನೆಯವರೇ ಬಂದು ಹೇಳುತ್ತಾರೆ.

---

ಹೊಸ_ಕಿವಿ

ಪ್ಲೇಸ್ಟೇಷನ್ ಸಿಕ್ಕಿತು. ಸೋಫಾ ಒಂದೇ ಅಡಿ ಮುಂದೆ ಬಂದಿದೆ, ಅಷ್ಟಕ್ಕೇ ಒಪ್ಪಿಗೆ. ಹಿಂದಿನ ಸ್ಪೀಕರ್‌ನಿಂದ ಸಣ್ಣಗೆ ಏನೋ ಬರುತ್ತಿದೆ, ಹತ್ತಿರ ಕಿವಿ ಇಟ್ಟರೆ ಮಾತ್ರ ಗೊತ್ತಾಗುತ್ತೆ. ಇಷ್ಟೇನಾ, ಜಾಸ್ತಿ ಮಾಡಬೇಕಾ?

---

ಸೌಂಡ್ ಶಿವು

ಇಷ್ಟೇ. ಮುಟ್ಟಬೇಡಿ.